ಅರ್ಧಕ್ಕೆ ನಿಂತ ಕಾದಂಬರಿ: ಮೊದಲಿನಿಂದ ಓದಬೇಕಾ?

ಪ್ರಶ್ನೆ: ಈ ತಿಂಗಳು ನಾಲ್ಕು ಪುಸ್ತಕ ಓದಿದೆ. ಐದನೆಯದು 600 ಪುಟದ ಕಾದಂಬರಿ, 210ನೇ ಪುಟದಲ್ಲಿ ನಿಂತಿದೆ. ಹಳೆಯ ಗೆಳತಿಯರಿಬ್ಬರು ಬಂದಿದ್ದರು. ಮೂರು ರಾತ್ರಿ ಮಾತಾಡಿದ್ದೇ ಮಾತಾಡಿದ್ದು! ಎಷ್ಟು ಖುಷಿಯಾಯಿತು ಗೊತ್ತಾ? ಆದರೆ ಈಗ ಪುಸ್ತಕ ತೆರೆದರೆ ಯಾರು ಯಾರ ಮಗ ಅಂತಲೇ ನೆನಪಾಗುತ್ತಿಲ್ಲ.

ಉತ್ತರ 1: ಮೊದಲಿನಿಂದ ಬೇಡ. ಓದಿದ ಕೊನೆಯ ಎರಡು ಅಧ್ಯಾಯ ಮತ್ತೆ ನೋಡಿ. ಹೆಸರುಗಳನ್ನು ಚೀಟಿಯಲ್ಲಿ ಬರೆದು ಪುಟದ ನಡುವೆ ಇಡಿ. ದಿನಕ್ಕೆ 20 ಪುಟ ಓದಿದರೂ ಉಳಿದದ್ದು 20 ದಿನದಲ್ಲಿ ಮುಗಿಯುತ್ತದೆ.

ಉತ್ತರ 2: ಗೆಳತಿಯರನ್ನೂ ಓದಲು ಕರೆಯಿರಿ. ಮಾತಾಡಲು ಜಾಸ್ತಿ ಸಿಗುತ್ತದೆ, ಅಲ್ವಾ?

ಕೇಳಿದವಳು: ಚೀಟಿಯಲ್ಲಿ ಹದಿನಾಲ್ಕು ಹೆಸರಾಯಿತು. ಒಬ್ಬಳು ಗೆಳತಿ ಆಗಲೇ 40ನೇ ಪುಟದಲ್ಲಿದ್ದಾಳೆ. ಅಜ್ಜಿಯ ಪಾತ್ರ ಅವಳಿಗೂ ತುಂಬಾ ಇಷ್ಟವಂತೆ.