ಡಂಕನ್ ಹವಳಕ್ಕೆ ಊಟ ಜಾಸ್ತಿ ಮಾಡಿದರೆ ಬೇಗ ಬೆಳೆಯುತ್ತಾ?

ಉಪ್ಪುನೀರು: ನನ್ನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್‌ಗೆ ಎಂಟು ತಿಂಗಳು. ಡಂಕನ್, ಹ್ಯಾಮರ್ ಎರಡೂ ಹವಳಗಳು ಚೆನ್ನಾಗಿ ಅರಳುತ್ತವೆ, ಆದರೆ ಹೊಸ ತಲೆ (ಬಾಯಿ ಇರುವ ಪಾಲಿಪ್) ಒಂದೂ ಬಂದಿಲ್ಲ. ವಾರಕ್ಕೊಮ್ಮೆ ಪುಡಿ ಆಹಾರ ನೀರಿಗೆ ಸುರಿಯುತ್ತೇನೆ. ಇನ್ನೂ ಜಾಸ್ತಿ ಹಾಕಲಾ?

ಕಡಲಗಿಡ: ಸುಮ್ನೆ ಸುರಿಯಬೇಡಿ, ಅರ್ಧ ಪಾಚಿಗೇ ಊಟ. ಮೊದಲು ಆಲ್ಕಲಿನಿಟಿ, ಅಂದರೆ ನೀರಲ್ಲಿನ ಕಾರ್ಬೊನೇಟ್ ಅಂಶ, ಎಷ್ಟಿದೆ ಹೇಳಿ. ಹವಳದ ಅಸ್ಥಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ನೀರಲ್ಲಿ ಸಾಮಾನೇ ಇಲ್ಲದಿದ್ದರೆ ಹೊಟ್ಟೆ ತುಂಬಿಸಿದರೂ ಮನೆ ಕಟ್ಟೋದು ಹೇಗೆ? ಆಲ್ಕಲಿನಿಟಿ 8-9 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 400-450 ಪಿಪಿಎಂ, ಮೆಗ್ನೀಸಿಯಂ 1300ರ ಆಸುಪಾಸು ಇರಲಿ.

ಉಪ್ಪುನೀರು: ಈಗಷ್ಟೇ ನೋಡಿದೆ, 6.5! ಇವತ್ತೇ 9ಕ್ಕೆ ಏರಿಸಿಬಿಡಲಾ?

ಕಡಲಗಿಡ: ಅಯ್ಯೋ ಬೇಡ ಮಾರಾಯ್ರೇ. ದಿನಕ್ಕೆ 1 ಡಿಕೆಎಚ್ ಒಳಗೇ ಏರಿಸಿ, ಅರ್ಧ ಅರ್ಧ ಆದರೆ ಇನ್ನೂ ಒಳ್ಳೆಯದು. ಅವಸರಪಟ್ಟು ಒಂದು ಅಕ್ರೊಪೊರಾ ಹವಳ ಬುಡದಿಂದ ಬೆಳ್ಳಗಾಗಿದ್ದನ್ನು ನಾನೇ ನೋಡಿದ್ದೇನೆ, ತಪ್ಪೂ ನಂದೇ.

ರಾತ್ರಿದೀಪ: ಊಟದ ವಿಷಯಕ್ಕೆ ಬಂದರೆ, ಡಂಕನ್‌ಗೆ ಪುಡಿಗಿಂತ ಮೈಸಿಸ್ (ಆಹಾರವಾಗಿ ಹಾಕುವ ಪುಟ್ಟ ಸೀಗಡಿ) ಇಷ್ಟ. ಪಂಪ್ ಹದಿನೈದು ನಿಮಿಷ ನಿಲ್ಲಿಸಿ, ಪಿಪೆಟ್‌ನಲ್ಲಿ ಬಾಯಿ ಹತ್ತಿರ ಒಂದೊಂದೇ ತುಣುಕು ಬಿಡಿ, ನುಂಗಿದ ಮೇಲೆ ಪಂಪ್ ಹಾಕಿ (ನಾನು ಒಮ್ಮೆ ಮರೆತು ಮಲಗಿದ್ದೆ, ಅದು ಬೇರೆ ಕಥೆ). ವಾರಕ್ಕೆ ಎರಡು ಸಲ ಸಾಕು. ಟ್ಯಾಂಕಲ್ಲಿ ಸಾಕಿದ ಸೀಗಡಿ ಇದ್ದರೆ ಅದಕ್ಕೆ ಮೊದಲು ತಿನ್ನಿಸಿ, ಇಲ್ಲದಿದ್ದರೆ ಹವಳದ ಬಾಯಿಂದಲೇ ಕಿತ್ತುಕೊಂಡು ಹೋಗುತ್ತೆ.