ಸಭೆಯ ಪಟ್ಟಿಯಲ್ಲಿ ಇಲ್ಲದವರು

ಗುಂಪು: ಅಜ್ಜಿ ಮನೆಯವರು
ಭಾನುವಾರ

ದೊಡ್ಡಪ್ಪ, ಮಧ್ಯಾಹ್ನ 12:48
(ಫಾರ್ವರ್ಡ್ ಆದ ಚಿತ್ರ: ಬೆಂಗಳೂರಿನಲ್ಲಿ ಯಾವ ಧರ್ಮದವರು ಎಷ್ಟು? 2011ರ ಜನಗಣತಿ)
ಎಲ್ಲರೂ ಇದನ್ನು ನೋಡಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ 5ಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಸುಮಾರು 5 ಲಕ್ಷ ಜನ. ಇಡೀ ರಾಜ್ಯದಲ್ಲಿ ನಾವು 11 ಲಕ್ಷ ಚಿಲ್ಲರೆ, ನೂರಕ್ಕೆ 2 ಕೂಡ ಇಲ್ಲ. ಇಷ್ಟು ಜನ ಈ ಒಂದು ಊರಲ್ಲೇ ಇದ್ದೂ ಇವತ್ತು ಆರಾಧನೆಯಲ್ಲಿ ಹಿಂದಿನ ಬೆಂಚುಗಳು ಖಾಲಿ. ಎಲ್ಲಿ ಹೋದರು ಇವರೆಲ್ಲ? ವಯಸ್ಸಿನ ಮಕ್ಕಳು ಬಾಡಿಗೆ ಹಾಲ್‌ಗಳಲ್ಲಿ ನಡೆಯುವ ಆರಾಧನೆಗಳ ಕಡೆ ಹೋಗುತ್ತಿದ್ದಾರೆ. ಹುಟ್ಟಿದ ಸಭೆ, ಅಂದರೆ ನಮ್ಮ ಚರ್ಚ್, ಬೇಡವಾಗಿದೆ.

ತಂಗಿ, 12:55
ದೊಡ್ಡಪ್ಪ, ಇದು ನನಗೇ ಹೇಳಿದ್ದು ಅಂತ ಗೊತ್ತಾಯಿತು. ನಾನು ದೇವರನ್ನು ಬಿಟ್ಟಿಲ್ಲ. ವೈಟ್‌ಫೀಲ್ಡ್‌ನಿಂದ ಮಗುವನ್ನು ಕರೆದುಕೊಂಡು ಅಷ್ಟು ದೂರ ಪ್ರತಿ ವಾರ ಬರಲು ಆಗಲಿಲ್ಲ. ಇಲ್ಲಿ ಮನೆ ಹತ್ತಿರ ಒಂದು ಸಭೆ ಸಿಕ್ಕಿತು. ಮೊದಲ ವಾರವೇ ನನ್ನ ಹೆಸರು ಕೇಳಿದರು. ಮಗುವಿಗೆ ಜ್ವರ ಬಂದಾಗ ಮನೆಗೆ ಊಟ ತಂದರು.

ಅತ್ತೆ (ಮೈಸೂರು), 12:58
ಊಟ ತಂದರು ಅಂತ ಸಭೆ ಬಿಡುತ್ತಾರಾ ಪುಟ್ಟಿ? ನಿನ್ನ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಎಲ್ಲಿ ಆಯಿತು? ನಿನ್ನ ಮದುವೆ ಪ್ರಕಟಣೆಯನ್ನು ಮೂರು ಭಾನುವಾರ ಓದಿದ್ದು ಎಲ್ಲಿ?

ತಂಗಿ, 12:59
ಅದನ್ನು ಮರೆತಿಲ್ಲ ಅತ್ತೆ. ಸುಮ್ನೆ ನೋವು ಮಾಡಬೇಡಿ.

ನಾನು, 1:10
ದೊಡ್ಡಪ್ಪ, ಆ ಚಿತ್ರ ಸುಳ್ಳಲ್ಲ. ಆದರೆ ಅದನ್ನು ಹಿಡಿದುಕೊಂಡು ನಮ್ಮ ಬೆಂಚು ಎಣಿಸುವುದು ಸರಿಯಲ್ಲ. ಜನಗಣತಿಯವರು ಮನೆಗೆ ಬಂದು ಧರ್ಮ ಕೇಳುತ್ತಾರೆ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಯಾವ ಸಭೆ ಅಂತ ಕೇಳುವುದಿಲ್ಲ. ಎಷ್ಟು ಭಾನುವಾರ ಹೋಗುತ್ತೀರಿ ಅಂತಲೂ ಕೇಳುವುದಿಲ್ಲ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ), ಕೆಥೊಲಿಕ್, ಪೆಂತೆಕೊಸ್ತ್, ಸಿರಿಯನ್, ಎಲ್ಲರೂ ಅಲ್ಲಿ ಒಂದೇ ಲೆಕ್ಕ. ತಮಿಳರು, ಮಲಯಾಳಿಗಳು, ಕೊಂಕಣಿಯವರು, ಈಶಾನ್ಯ ರಾಜ್ಯಗಳಿಂದ ಬಂದವರು ಎಲ್ಲ ಸೇರಿ ಆ 5 ಲಕ್ಷ. ನಮ್ಮ ಕನ್ನಡ ಆರಾಧನೆಗೆ ಬರಬೇಕಾದವರು ಅದರಲ್ಲಿ ಎಷ್ಟು ಮಂದಿ? ಆ ಚಿತ್ರ ನೋಡಿದರೆ ತಿಳಿಯುವುದಿಲ್ಲ.

ಇನ್ನೊಂದು ಮಾತು. ನಮ್ಮ ಜೊತೆ ಕೂತು ಹಾಡುವ ಕೆಲವರು ಆ ಲೆಕ್ಕದಲ್ಲಿ ಕ್ರೈಸ್ತರೇ ಅಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತ ಅಂತ ಬರೆಸಿದರೆ ಮಕ್ಕಳ ಜಾತಿ ಸರ್ಟಿಫಿಕೇಟ್ ಹೋದೀತು ಅನ್ನುವ ಭಯ. ಆ ಭಯ ಇರುವ ಮನೆಯವರನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ಅವರ ನಂಬಿಕೆ ಕಡಿಮೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ದೊಡ್ಡಪ್ಪ, 1:16
ಆ ವಿಷಯ ಒಪ್ಪುತ್ತೇನೆ. ಆದರೆ ನಾನು ಕೇಳಿದ್ದು ನಮ್ಮವರನ್ನು. ನಮ್ಮ ತಾತ ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ ಸಭೆಯವರು, ಅಜ್ಜಿ ಲಂಡನ್ ಮಿಷನ್ ಸಭೆಯವರು. ಎಷ್ಟೇ ಕಷ್ಟ ಬಂದರೂ ಸಭೆ ಬದಲಿಸಿದವರಲ್ಲ.

ನಾನು, 1:19
ಅವರು ಬದಲಿಸಲಿಲ್ಲ ನಿಜ. ಆದರೆ ಸಭೆಯೇ ಬದಲಾಯಿತಲ್ಲ ದೊಡ್ಡಪ್ಪ! 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಆಯಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಲಂಡನ್ ಮಿಷನ್‌ನವರು ಆಗಲೇ ಸೇರಿಕೊಂಡಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು, ಎಲ್ಲ ಒಂದಾದರು. ತಾತ ಅದೇ ಬೆಂಚಿನಲ್ಲಿ ಕೂತಿದ್ದರು, ಹೊರಗಿನ ಬೋರ್ಡ್ ಬೇರೆಯಾಯಿತು. ತಾತನಿಗೆ ಅದು ದೊಡ್ಡ ಸಂತೋಷ ಅಂತ ನೀವೇ ಹೇಳುತ್ತಿದ್ದಿರಿ.

ಭಾವ (ಮಂಗಳೂರು), 1:24
ನಡುವೆ ಮಾತಾಡುತ್ತಿದ್ದೇನೆ, ಬೇಸರ ಬೇಡ. ನಮ್ಮ ಕೆಥೊಲಿಕರಲ್ಲಿ ಸಾಮಾನ್ಯವಾಗಿ ಮನೆ ಎಲ್ಲಿದೆಯೋ ಅದೇ ನಮ್ಮ ಧರ್ಮಕೇಂದ್ರ. ಮನೆ ಬದಲಾದರೆ ಧರ್ಮಕೇಂದ್ರವೂ ಬದಲಾಯಿತು. ಅದನ್ನು ಯಾರೂ ಬಿಟ್ಟುಹೋದರು ಅನ್ನುವುದಿಲ್ಲ. ನಮ್ಮೂರಲ್ಲಿ ವಾರ್ಡಿಗೊಬ್ಬರು ಗುರ್ಕಾರರು, ಅಂದರೆ ವಾರ್ಡಿನ ಮುಖಂಡರು, ಇರುತ್ತಾರೆ. ಹೊಸಬರು ಬಾಡಿಗೆಗೆ ಬಂದರೆ ಅವರಿಗೆ ಬೇಗ ಗೊತ್ತಾಗುತ್ತದೆ. ನಿಮ್ಮಲ್ಲಿ ಜನವೇ ಸಭೆ ಹುಡುಕಿಕೊಂಡು ಹೋಗಬೇಕು, ಅಲ್ವಾ?

ಅಮ್ಮ, 1:26
ಅಳಿಯಂದಿರು ಹೇಳಿದ್ದು ಸರಿ ಇದೆ. ಎಲ್ಲರೂ ಊಟ ಮಾಡಿ ಮೊದಲು.

ದೊಡ್ಡಪ್ಪ, 2:05
ಊಟ ಆಯಿತು. ಭಾವನವರೇ, ನಮ್ಮಲ್ಲೂ ಲೆಕ್ಕ ಇದೆ. ದೀಕ್ಷಾಸ್ನಾನದ ಪುಸ್ತಕ, ಮದುವೆ ಪುಸ್ತಕ, ಸದಸ್ಯರ ಪಟ್ಟಿ, ಎಲ್ಲ ಇದೆ. ಅಪ್ಪ ತೀರಿಕೊಂಡ ದಿನ ಹೊಸೂರು ರಸ್ತೆಯ ಸಮಾಧಿ ಸ್ಥಳದ ವ್ಯವಸ್ಥೆಗೆ ಓಡಾಡಿದಾಗ ಮೊದಲು ಕೇಳಿದ್ದೇ ಯಾವ ಸಭೆ ಅಂತ. ಹೆಸರು ಪಟ್ಟಿಯಲ್ಲಿತ್ತು, ಒಂದು ಗಂಟೆಯಲ್ಲಿ ಪತ್ರ ಸಿಕ್ಕಿತು. ಆ ಹೊತ್ತಿನಲ್ಲಿ ಅದರ ಬೆಲೆ ನನಗೆ ತಿಳಿಯಿತು. ಅದಕ್ಕೇ ಹೇಳುವುದು, ಪಟ್ಟಿಯಲ್ಲಿ ಹೆಸರು ಇರಲಿ, ತಿಂಗಳ ಚಂದಾ ಕಟ್ಟಿ.

ನಾನು, 2:20
ದೊಡ್ಡಪ್ಪ, ಆ ಪಟ್ಟಿಯ ಬಗ್ಗೆಯೇ ಹೇಳಬೇಕು. ಇದುವರೆಗೆ ಮನೆಯಲ್ಲಿ ಹೇಳಿರಲಿಲ್ಲ.

ನಾನು ಸಭಾ ಸಮಿತಿಯ ಕಾರ್ಯದರ್ಶಿ ಆಗಿದ್ದಾಗ ಪಟ್ಟಿ ಸರಿಮಾಡುವ ಕೆಲಸ ನನಗೇ ಬಂತು. ಒಂದೊಂದೇ ಮನೆಗೆ ಫೋನ್ ಮಾಡಿದೆ. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದವರ ಹೆಸರು ಇತ್ತು. ತೀರಿಕೊಂಡವರ ಹೆಸರೂ ಇತ್ತು. ಇನ್ನೊಂದು ಮನೆಯಲ್ಲಿ ಮಗ ಊರಿನಿಂದ ವರ್ಷಕ್ಕೊಮ್ಮೆ ಚಂದಾ ಕಳಿಸುತ್ತಾನೆ, ಮನೆಗೆ ಬೀಗ. ಅವರೆಲ್ಲ ಪೂರ್ಣ ಸದಸ್ಯರು. ಇನ್ನು ಪ್ರತಿ ಭಾನುವಾರ ಬರುವವರಲ್ಲಿ ಎಷ್ಟೋ ಮಂದಿ ಎಲ್ಲೂ ಇಲ್ಲ. ಪಿಜಿಯಲ್ಲಿರುವ ನರ್ಸ್ ಹುಡುಗಿಯರು, ಅಡುಗೆ ಕೆಲಸದ ಅಕ್ಕಂದಿರು, ಹಾಸನದ ಕಡೆಯ ಒಬ್ಬ ಸೆಕ್ಯುರಿಟಿ ಹುಡುಗ.

ಆ ಹುಡುಗ ರಾತ್ರಿ ಪಾಳಿ ಮುಗಿಸಿ ನೇರ ಆರಾಧನೆಗೆ ಬರುತ್ತಿದ್ದ. ನಾಲ್ಕು ವರ್ಷ. ಚರ್ಚಿನ ಸುಗ್ಗಿ ಹಬ್ಬಕ್ಕೆ ಊರಿನಿಂದ ತೆಂಗಿನಕಾಯಿ ತಂದು ಹರಾಜಿಗೆ ಕೊಡುತ್ತಿದ್ದ. ಅವನಿಗೆ ಮದುವೆ ಗೊತ್ತಾಯಿತು, ಪ್ರಕಟಣೆ ಓದಿಸಿ ಅಂತ ಬಂದ. ಪಟ್ಟಿಯಲ್ಲಿ ಹೆಸರಿಲ್ಲ, ಊರ ಸಭೆಯಿಂದ ವರ್ಗಾವಣೆ ಪತ್ರ ತಾ ಅಂದೆವು. ಅಲ್ಲಿ ಆಗ ಸಭಾಪಾಲಕರು (ಪಾದ್ರಿ) ವರ್ಗವಾಗಿದ್ದರು, ಪತ್ರ ತಡವಾಯಿತು. ಅವನು ಇನ್ನೆಲ್ಲೋ ಮದುವೆಯಾದ. ಆಮೇಲೆ ನಮ್ಮ ಕಡೆ ಬರಲಿಲ್ಲ. ಆ ಮಾತು ಅವನಿಗೆ ಹೇಳಿದ್ದು ನಾನೇ. ಆ ನೋವು ಇನ್ನೂ ಇದೆ.

ಬೆಂಚು ಯಾಕೆ ಖಾಲಿ ಅಂತ ಕೇಳಿದಿರಿ. ತಂಗಿ ದೂರ ಹೋದಳು ಅಂತ ಮಾತ್ರ ಅಲ್ಲ. ಬಂದವರ ಹೆಸರನ್ನು ನಾವು ಬರೆದುಕೊಳ್ಳಲಿಲ್ಲ.

ಅತ್ತೆ (ಮೈಸೂರು), 2:24
ಅಯ್ಯೋ. ಇದನ್ನು ಯಾಕೆ ಮೊದಲೇ ಹೇಳಲಿಲ್ಲ ನೀನು?

ದೊಡ್ಡಪ್ಪ, 2:31
ಬೇಜಾರಾಯಿತು ಓದಿ. ಆದರೂ ನಿಯಮ ಸುಮ್ನೆ ಮಾಡಿದ್ದಲ್ಲ ಮಗನೇ. ಬಂದವರ ಹೆಸರನ್ನೆಲ್ಲ ಸೇರಿಸಿದರೆ ಚುನಾವಣೆ ಬಂದಾಗ ಏನಾಗುತ್ತದೆ? ಮತ ಹಾಕಲು ಜನರನ್ನು ಕರೆತಂದು ಹೆಸರು ಬರೆಸುತ್ತಾರೆ. ಸಭೆಯ ಆಸ್ತಿ, ಶಾಲೆ, ಎಲ್ಲ ಆ ಮತದ ಮೇಲೆ ನಿಂತಿದೆ. ಮದುವೆ ವಿಷಯದಲ್ಲೂ ಅಷ್ಟೇ. ಹುಡುಗನಿಗೆ ಮುಂಚೆ ಮದುವೆ ಆಗಿದೆಯೋ ಇಲ್ಲವೋ ಅಂತ ಅವನ ಊರ ಸಭೆಯನ್ನು ಕೇಳದೆ ಹೇಗೆ? ಹುಡುಗಿಯ ತಂದೆಯ ಜಾಗದಲ್ಲಿ ನಿಂತು ನೋಡು.

ನಾನು, 2:38
ಅದು ಸರಿಯಾದ ಮಾತು. ಕೇಳಲೇಬೇಕು. ಆದರೆ ಪತ್ರ ತರುವ ಓಡಾಟ ಅವನೊಬ್ಬನ ತಲೆಗೆ ಯಾಕೆ? ಕಾರ್ಯದರ್ಶಿ ನಾನು, ಆ ಊರಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮತದಾರರ ಪಟ್ಟಿ ಬಿಗಿಯಾಗಿಯೇ ಇರಲಿ ದೊಡ್ಡಪ್ಪ. ಅದರ ಪಕ್ಕದಲ್ಲಿ ಬರುವವರದ್ದೂ ಒಂದು ಪುಸ್ತಕ ಇಡೋಣ. ಹೆಸರು, ಊರು, ಫೋನ್ ನಂಬರ್, ಕಾಯಿಲೆ ಬಿದ್ದರೆ ಯಾರಿಗೆ ಹೇಳಬೇಕು, ಅಷ್ಟು ಸಾಕು. ಅದಕ್ಕೆ ಚಂದಾ ಬೇಡ, ಪತ್ರ ಬೇಡ.

ತಂಗಿ, 2:40
ಅಣ್ಣ, ಇಲ್ಲಿ ನನಗೆ ಮೊದಲ ವಾರ ಮಾಡಿದ್ದು ಇದನ್ನೇ. ಒಂದು ನೋಟ್‌ಬುಕ್, ಅಷ್ಟೇ.

ದೊಡ್ಡಪ್ಪ, 2:52
ಪುಟ್ಟಿ, ಆಗಲೇ ಬರೆದದ್ದು ನಿನ್ನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ. ಹಾಗೆ ಎಲ್ಲರ ಮುಂದೆ ಬರೆಯಬಾರದಿತ್ತು. ಮಗುವನ್ನು ಕರೆದುಕೊಂಡು ಕ್ರಿಸ್ಮಸ್‌ಗೆ ಮಾತ್ರ ಬಾ, ಸಾಕು.

ತಂಗಿ, 2:53
ಬರುತ್ತೇನೆ ದೊಡ್ಡಪ್ಪ. ಸುಗ್ಗಿ ಹಬ್ಬಕ್ಕೂ ಬರುತ್ತೇನೆ.

ದೊಡ್ಡಪ್ಪ, 3:15
ಆ ಸೆಕ್ಯುರಿಟಿ ಹುಡುಗ ಹಸಿರು ಸ್ವೆಟರ್ ಹಾಕಿಕೊಂಡು ಬಾಗಿಲ ಪಕ್ಕದ ಕಡೇ ಬೆಂಚಿನಲ್ಲಿ ಕೂರುತ್ತಿದ್ದನಲ್ಲ, ಅವನೇನಾ?

ನಾನು, 3:16
ಹೌದು ದೊಡ್ಡಪ್ಪ, ಅವನೇ.

ದೊಡ್ಡಪ್ಪ, 3:18
ನನ್ನ ಕೈಯಿಂದ ಹಾಡಿನ ಪುಸ್ತಕ ಇಸಿದುಕೊಳ್ಳುತ್ತಿದ್ದ. ಹೆಸರು ನಾನೂ ಕೇಳಲಿಲ್ಲ. ನಂಬರ್ ಇದೆಯಾ ನಿನ್ನ ಹತ್ತಿರ?

ನಾನು, 3:19
ಹಳೆಯದು ಇದೆ. ನಿಮಗೆ ಬೇರೆಯಾಗಿ ಕಳಿಸುತ್ತೇನೆ. ಸಂಜೆ ಐದರ ಮೇಲೆ ಮಾಡಿ, ರಾತ್ರಿ ಪಾಳಿಯವನು, ಈಗ ಮಲಗಿರುತ್ತಾನೆ.