ಆನ್-ಪ್ರೆಮ್ ಎಪಿಐ ಪ್ಲಾಟ್‌ಫಾರ್ಮ್‌ಗೆ ಎಷ್ಟು ಸರ್ವರ್ ಬೇಕು? ಮಾಡಿದವರು ಹೇಳಿ

ನಮ್ಮದು ಸಾಲ ಕೊಡುವ ಕಂಪನಿ. ಡೇಟಾ ಹೊರಗೆ ಹೋಗುವ ಹಾಗಿಲ್ಲ, ಅದಕ್ಕೆ ಅಪಿಜೀ ಎಡ್ಜ್ ಪ್ರೈವೇಟ್ ಕ್ಲೌಡನ್ನು (ಎಪಿಐ ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಕರೆಯುವ ದಾರಿ; ಆ ಕರೆಗಳನ್ನು ನಿಭಾಯಿಸುವ ಗೂಗಲ್‌ನ ಸಾಫ್ಟ್‌ವೇರ್ ಇದು) ನಮ್ಮ ಡೇಟಾ ಸೆಂಟರ್‌ನಲ್ಲೇ ಹಾಕುತ್ತಿದ್ದೇವೆ. ಪೀಕ್‌ನಲ್ಲಿ ಸೆಕೆಂಡಿಗೆ 50 ರಿಕ್ವೆಸ್ಟ್. 5 ನೋಡ್ (ಸರ್ವರ್) ಸಾಕಾ, 9 ಕೇಳಬೇಕಾ? ಎಲ್ಲಾ ವಿಎಂಗಳೇ (ವರ್ಚುವಲ್ ಮೆಷಿನ್).

---

50ಕ್ಕೆ 5 ನೋಡ್ ಧಾರಾಳವಾಯಿತು ಸರ್. ಆದರೆ ಟ್ರಾಫಿಕ್ ನೋಡಿ ಲೆಕ್ಕ ಹಾಕಬೇಡಿ, ಯಾವುದು ಕೆಟ್ಟು ನಿಂತರೂ ಕೆಲಸ ನಡೆಯಬೇಕು ಅನ್ನೋದನ್ನು ಮೊದಲು ತೀರ್ಮಾನ ಮಾಡಿ. ಕಸಾಂಡ್ರಾ (ಡೇಟಾಬೇಸ್), ಝೂಕೀಪರ್ (ಯಾವ ಭಾಗ ಎಲ್ಲಿದೆ ಅನ್ನೋ ವಿವರ ಇಡುವುದು) ಎರಡಕ್ಕೂ 3 ನೋಡ್ ಬೇಕೇ ಬೇಕು. ಮೂರರಲ್ಲಿ ಒಂದು ಹೋದರೆ ಉಳಿದ ಎರಡು ಬಹುಮತ ಆಗುತ್ತವೆ, ನಡೆಯುತ್ತದೆ. ಝೂಕೀಪರ್ 4 ಮಾಡಿದರೂ ತಡೆಯುವುದು ಒಂದೇ ಪೆಟ್ಟು, ನಾಲ್ಕನೆಯದು ಸುಮ್ನೆ ದಂಡ.

5 ನೋಡ್‌ನಲ್ಲಿ ಒಂದು ಮಾತು ನೆನಪಿರಲಿ. 2 ಮತ್ತು 3ನೇ ಮೆಷಿನ್‌ನಲ್ಲಿ ಕಸಾಂಡ್ರಾ ಜೊತೆಗೇ ರೂಟರ್, ಮೆಸೇಜ್ ಪ್ರೊಸೆಸರ್ (ಬರುವ ರಿಕ್ವೆಸ್ಟ್ ನಿಭಾಯಿಸುವ ಗೇಟ್‌ವೇ ಭಾಗಗಳು) ಕೂಡ ಕೂತಿರುತ್ತವೆ. ಪ್ಯಾಚ್ ಹಾಕಲು ಒಂದನ್ನು ಇಳಿಸಿದಿರಿ ಅಂದರೆ ಅರ್ಧ ಗೇಟ್‌ವೇಯೂ ಹೋಯಿತು, ಡೇಟಾಸ್ಟೋರಿನ ಒಂದು ವೋಟೂ ಹೋಯಿತು, ಹಾಗಾಗಿ ಉಳಿದ ಒಂದು ಮೆಷಿನ್ಗೆ ಪೂರ್ತಿ ಪೀಕ್ ಲೋಡ್ ಹೊರುವ ತಾಕತ್ತು ಇರಬೇಕು. 9 ನೋಡ್‌ನಲ್ಲಿ ಇವು ಬೇರೆ ಬೇರೆ, ಅಷ್ಟೇ ಲಾಭ. ಕಸಾಂಡ್ರಾಕ್ಕೆ 8 ಕೋರ್, 16 ಜಿಬಿ ರ‍್ಯಾಮ್, 2000 ಐಒಪಿಎಸ್ (ಸೆಕೆಂಡಿಗೆ ಅಷ್ಟು ಓದು-ಬರಹ) ಕೊಡುವ ಎಸ್‌ಎಸ್‌ಡಿ ಕೇಳಿ. ರ‍್ಯಾಮ್ ಬಗ್ಗೆ ಯಾರೂ ತಕರಾರು ಮಾಡಲ್ಲ, ಚೌಕಾಶಿ ಶುರುವಾಗುವುದು ಡಿಸ್ಕ್ ಹತ್ತಿರ. ಅಲ್ಲಿ ಬಿಟ್ಟುಕೊಡಬೇಡಿ.

---

ಅನಲಿಟಿಕ್ಸ್ (ರಿಕ್ವೆಸ್ಟ್‌ಗಳ ಅಂಕಿಅಂಶ) ಡಿಸ್ಕ್ ಲೆಕ್ಕ ಮರೆಯಬೇಡಿ. ಒಂದು ರಿಕ್ವೆಸ್ಟಿಗೆ 2 ಕೆಬಿ ಅಂತ ಹಿಡಿಯಿರಿ. ಸೆಕೆಂಡಿಗೆ 50, ದಿನಕ್ಕೆ 8 ಗಂಟೆ ಪೀಕ್, 90 ದಿನ ಇಟ್ಟುಕೊಂಡರೆ ಸುಮಾರು 260 ಜಿಬಿ. ಅದರ ಮೇಲೆ ಸ್ವಲ್ಪ ಜಾಸ್ತಿ ಕೇಳಿ. ಹಳೆಯ ಡೇಟಾ ತಾನಾಗಿ ಅಳಿಯುತ್ತದೆ ಅಂದುಕೊಳ್ಳಬೇಡಿ, ಅದನ್ನು ಅಳಿಸುವ ಪರ್ಜ್ ಸ್ಕ್ರಿಪ್ಟನ್ನು ಮೊದಲ ವಾರವೇ ಕ್ರಾನ್‌ಗೆ (ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ವ್ಯವಸ್ಥೆ) ಹಾಕಿ. ಇನ್ನೊಂದು, ಈ ಅನಲಿಟಿಕ್ಸ್ ಇಡುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮಾಸ್ಟರ್ ಬಿದ್ದರೆ ಸ್ಟ್ಯಾಂಡ್‌ಬೈಯನ್ನು ನೀವೇ ಕೈಯಾರೆ ಮೇಲೆ ತರಬೇಕು.

---

ನಮ್ಮ ತಲೆನೋವು ಸರ್ವರ್ ಅಲ್ಲ, ಫೈರ್‌ವಾಲ್. ಮೆಸೇಜ್ ಪ್ರೊಸೆಸರ್ ಒಂದು ಜೋನ್, ಕಸಾಂಡ್ರಾ ಇನ್ನೊಂದು ಜೋನ್. ಸುಮ್ಮನಿದ್ದ ಕನೆಕ್ಷನನ್ನು ಫೈರ್‌ವಾಲ್ 1 ಗಂಟೆಗೆ ಸದ್ದಿಲ್ಲದೆ ಕತ್ತರಿಸುತ್ತಿತ್ತು, ಲಿನಕ್ಸ್ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಜೀವಂತ ಇದೆಯಾ ಅಂತ ಕಳಿಸುವ ಸಣ್ಣ ಸಂದೇಶ) ಡಿಫಾಲ್ಟ್ 7200 ಸೆಕೆಂಡ್, ಅಂದರೆ 2 ಗಂಟೆ. ಬೆಳಗ್ಗೆ ಮೊದಲ ಕಾಲ್‌ಗಳೆಲ್ಲ ಟೈಮ್‌ಔಟ್, ಆಮೇಲೆ ತಾನಾಗಿ ಸರಿ, ಹಾಗಾಗಿ ಯಾರೂ ನಂಬಲೇ ಇಲ್ಲ. ಕೀಪ್‌ಅಲೈವ್ ಇಳಿಸಿದ ಮೇಲೆ ನಿಂತಿತು. 9042 (ಕಸಾಂಡ್ರಾ), 2181 (ಝೂಕೀಪರ್) ಇಂಥ ಪೋರ್ಟ್‌ಗಳ ಪಟ್ಟಿಯನ್ನು ಈಗಲೇ ನೆಟ್‌ವರ್ಕ್ ಟೀಮ್‌ಗೆ ಕೊಟ್ಟುಬಿಡಿ.

---

ವಿಎಂಗಳು ಅಂದಿರಲ್ಲ, ಅವು ಯಾವ ಇಎಸ್‌ಎಕ್ಸ್ ಹೋಸ್ಟ್ (ವಿಎಂಗಳನ್ನು ಓಡಿಸುವ ನಿಜವಾದ ಮೆಷಿನ್) ಮೇಲೆ ಕೂರುತ್ತವೆ ಅಂತ ಕೇಳಿದಿರಾ? ಮೂರು ಕಸಾಂಡ್ರಾವೂ ಒಂದೇ ಹೋಸ್ಟಿಗೆ ಬಂದರೆ 3 ನೋಡ್ ಬರೀ ಕಾಗದದ ಮೇಲೆ, ಅಲ್ವಾ? ಇವನ್ನು ಬೇರೆ ಬೇರೆ ಹೋಸ್ಟ್ ಮೇಲೇ ಇಡುವ ಆಂಟಿ-ಅಫಿನಿಟಿ ರೂಲ್ ಹಾಕಿಸಿ. ಇಲ್ಲದಿದ್ದರೆ ಡಿಆರ್‌ಎಸ್ (ಲೋಡ್ ನೋಡಿ ವಿಎಂಗಳ ಜಾಗ ತಾನಾಗಿ ಬದಲಿಸುವುದು) ಯಾವಾಗ ಬೇಕಾದರೂ ಒಟ್ಟಿಗೆ ತಂದು ಕೂರಿಸುತ್ತದೆ.

---

ಕೇಳಿದವನು ನಾನೇ. ಈಗ ವಿಎಂ ಟೀಮ್‌ನವರನ್ನು ವಿಚಾರಿಸಿದೆ. ಆ ಕ್ಲಸ್ಟರ್‌ನಲ್ಲಿ ಇರುವುದೇ 2 ಹೋಸ್ಟ್ ಅಂತೆ!

---

ಹಾಗಾದರೆ ಒಂದರ ಮೇಲೆ ಎರಡು ಕಸಾಂಡ್ರಾ ಬರಲೇಬೇಕು. ಆ ಹೋಸ್ಟ್ ಹೋದರೆ ಬಹುಮತವೂ ಹೋಯಿತು. ಟೋಕನ್, ಎಪಿಐ ಕೀ ಎಲ್ಲಾ ಇರುವುದು ಕಸಾಂಡ್ರಾದಲ್ಲೇ. 9 ನೋಡ್ ಮಾತು ಬಿಡಿ ಸರ್, ಮ್ಯಾನೇಜರ್ ಹತ್ತಿರ ಮೂರನೇ ಹೋಸ್ಟ್ ಕೇಳಿ.